ಅಭಿಮಾನವೂ ವಿವೇಕವೂ: ರಾಜಕುಮಾರರ ಪಾತ್ರವೈವಿಧ್ಯವನ್ನು ಕುರಿತು

ಕನ್ನಡಿಗರು ನಾಲ್ವರು ಸೇರಿದೆಡೆ ಮಾತು ಮಳೆ, ಬೆಳೆ, ರಾಜಕಾರಣಗಳನ್ನೆಲ್ಲ ಸುತ್ತಿಕೊಂಡು ಕೊನೆಗೆ ಡಾ. ರಾಜಕುಮಾರರ ಬಳಿಗೆ ಬಂದು ನಿಲ್ಲುವುದು ಅಪರೂಪವೇನಲ್ಲ. ವಾರ್ಷಿಕೋತ್ಸವಕ್ಕೆಂದು ಬಂದ ಹಳೆಯ ವಿದ್ಯಾರ್ಥಿಗಳು ಪ್ರಸಾದನಿಲಯದ ಪಂಕ್ತಿಯಲ್ಲಿ ಕುಳಿತಾಗಲೂ ಈ ಚರ್ಚೆ ಹುಟ್ಟಿಕೊಳ್ಳುತ್ತದೆ. ಒಬ್ಬರಿಗೆ 1954ರ 'ಬೇಡರ ಕಣ್ಣಪ್ಪ'ನೇ ಸರ್ವಶ್ರೇಷ್ಠ. ಇನ್ನೊಬ್ಬರಿಗೆ 1972ರ 'ಬಂಗಾರದ ಮನುಷ್ಯ'ದ ರಾಜೀವನಿಗೆ ಸಾಟಿಯಿಲ್ಲ. ಮತ್ತೊಬ್ಬರು 1975ರ 'ಮಯೂರ'ನ ಹೆಸರೆತ್ತಿದರೆಂದರೆ ಬಡಿಸಿದ ಅನ್ನ ಆರಿದರೂ ವಾದ ಆರುವುದಿಲ್ಲ. 2006ರ ಏಪ್ರಿಲ್ 12ರಂದು ಆ ಮಹಾನಟನು ಕಾಲವಶನಾದ ಬಳಿಕವೂ ಈ ವಾದಕ್ಕೆ ಮುಪ್ಪು ಬಂದಿಲ್ಲ. ಆದರೆ ಈ ವಾದವು ಸಾಮಾನ್ಯವಾಗಿ ಹಿಡಿಯುವ ದಾರಿ ಸರಿಯೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಅಭಿಮಾನಿಗಳು ತಮ್ಮ ನಟನ ವೈವಿಧ್ಯವನ್ನು ಎಣಿಸುವುದು ಬಹುಮಟ್ಟಿಗೆ ವೇಷಗಳ ಪಟ್ಟಿಯಿಂದ. ರಾವಣ, ಕನಕದಾಸ, ರಣಧೀರ ಕಂಠೀರವ, ಇಮ್ಮಡಿ ಪುಲಿಕೇಶಿ, ಶ್ರೀಕೃಷ್ಣದೇವರಾಯ, ಗೋರ ಕುಂಬಾರ, ಕಾಳಿದಾಸ ಎಂದು ಬೆರಳು ಮಡಿಸುತ್ತ ಹೋದರೆ ಎರಡು ಕೈಗಳ ಬೆರಳುಗಳು ಸಾಲವು. ಇದರ ನಡುವೆ 1968ರ 'ಜೇಡರ ಬಲೆ'ಯಲ್ಲಿ ಸೂಟು ತೊಟ್ಟ ಪತ್ತೇದಾರನಾಗಿ ಬಂದುದನ್ನೂ ಸೇರಿಸಿದರೆ ಪಟ್ಟಿಯು ಇನ್ನಷ್ಟು ಬೆರಗು ಹುಟ್ಟಿಸುತ್ತದೆ. ಇನ್ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದ ನಟನಿಗೆ ಇಂಥ ಪಟ್ಟಿಯು ಶೋಭೆಯೇ ಸರಿ. ಆದರೂ ಕಿರೀಟವನ್ನು ತೆಗೆದು ಪೇಟ ಸುತ್ತಿದ ಮಾತ್ರಕ್ಕೆ ಪಾತ್ರ ಬದಲಾಗದು. ಅದು ಪ್ರಸಾಧನದವನ ಕೆಲಸ. ನಟನ ನಿಜವಾದ ವ್ಯಾಪ್ತಿಯನ್ನು ಅಳೆಯಬೇಕಾದುದು ಒಂದನ್ನೊಂದು ಹೋಲುವ ಪಾತ್ರಗಳಲ್ಲಿ.

ನಿದರ್ಶನಕ್ಕೆ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬಹುದು. 1971ರ 'ಕಸ್ತೂರಿ ನಿವಾಸ'ದ ನಾಯಕನೂ ಮರುವರ್ಷದ 'ಬಂಗಾರದ ಮನುಷ್ಯ'ದ ರಾಜೀವನೂ ಕೊಡುಗೈ ದಾನಿಗಳೇ. ಇಬ್ಬರೂ ತಮ್ಮದನ್ನೆಲ್ಲ ಪರರಿಗೆ ಅರ್ಪಿಸಿ ಬರಿಗೈಯಾದವರು. ಕಥೆಯನ್ನಷ್ಟೇ ಕೇಳಿದವರಿಗೆ ಒಂದೇ ಪಾತ್ರವು ಎರಡು ಸಲ ಬಂದಂತೆ ತೋರಬಹುದು. ತೆರೆಯ ಮೇಲೆ ಕಂಡಾಗ ಮಾತ್ರ ಅವರಿಬ್ಬರೂ ಬೇರೆ ಬೇರೆ ಮಣ್ಣಿನಲ್ಲಿ ಬೆಳೆದ ಮನುಷ್ಯರು. ಬೆಂಕಿಪೊಟ್ಟಣದ ಕಾರ್ಖಾನೆಯ ಒಡೆಯನ ದಾನದಲ್ಲಿ ವಂಶದ ಹೆಸರನ್ನು ಕಾಯುವ ಹಠವಿದೆ; ಕೊಡುವ ಕೈ ಎಂದೂ ಬೇಡುವ ಕೈಯಾಗಬಾರದೆಂಬ ಬಿಗುಮಾನವಿದೆ. ಮನೆಗೆ ಬಂದ ಅತಿಥಿಯ ಸತ್ಕಾರಕ್ಕಾಗಿ ಪ್ರೀತಿಯ ಪಾರಿವಾಳವನ್ನು ಮಾರಿದ ಬಳಿಕ, ಆ ಅತಿಥಿಯೇ ತನ್ನ ಕಾಯಿಲೆಯ ಮಗುವಿಗೆಂದು ಅದನ್ನೇ ಕೇಳಿದಾಗ ಆತನ ಬೆನ್ನು ಬಾಗದೆ ಮುರಿಯುತ್ತದೆ. ರಾಜೀವನ ಔದಾರ್ಯದಲ್ಲಾದರೋ ಒಕ್ಕಲುತನದ ತಾಳ್ಮೆಯಿದೆ. ಬಂಡೆಯ ನೆಲವನ್ನು ಹಸನುಗೊಳಿಸಿದ ಕೈಗಳೇ ಕೊನೆಯಲ್ಲಿ ಮರುಮಾತಿಲ್ಲದೆ ಮನೆಯನ್ನು ಬಿಟ್ಟು ನಡೆಯುತ್ತವೆ. ಒಬ್ಬನು ಕೊಟ್ಟು ಕುಸಿದನು, ಇನ್ನೊಬ್ಬನು ಕೊಟ್ಟು ಹಗುರಾದನು. ಎರಡು ಬಗೆಯ ತ್ಯಾಗಗಳ ನಡುವಣ ಈ ಸೂಕ್ಷ್ಮವನ್ನು ನಡಿಗೆಯಿಂದ, ದನಿಯಿಂದ, ಮೌನದಿಂದ ಬೇರ್ಪಡಿಸಿ ತೋರಿದುದು ಹತ್ತು ವೇಷಗಳ ಬದಲಾವಣೆಗಿಂತ ದೊಡ್ಡ ಸಾಧನೆ.

ಸಂಗೀತಗಾರರ ಪಾತ್ರಗಳಲ್ಲಿಯೂ ಇದೇ ಮಾತು. ಅ.ನ.ಕೃ. ಅವರ ಕಾದಂಬರಿಯನ್ನಾಧರಿಸಿದ 'ಸಂಧ್ಯಾರಾಗ' 1966ರಲ್ಲಿ ಬಂದಿತು. ಕೃಷ್ಣಮೂರ್ತಿ ಪುರಾಣಿಕರ ಕೃತಿಯನ್ನಾಧರಿಸಿದ 'ಸನಾದಿ ಅಪ್ಪಣ್ಣ' 1977ರಲ್ಲಿ. ಮೊದಲನೆಯದರಲ್ಲಿ ನಾದವೇ ಜೀವನದ ಗುರಿಯಾದ ಗಾಯಕನಿದ್ದಾನೆ. ಎರಡನೆಯದರಲ್ಲಿ ಹಳ್ಳಿಯ ಮಂಗಳಕಾರ್ಯಗಳಿಗೆ ಸನಾದಿ ನುಡಿಸಿ ಹೊಟ್ಟೆ ಹೊರೆಯುವ ಬಡವನಿದ್ದಾನೆ. ಉಸ್ತಾದ್ ಬಿಸ್ಮಿಲ್ಲಾ ಖಾನರ ಶಹನಾಯಿಯು ಅಪ್ಪಣ್ಣನಿಗೆ ದನಿಯಾದುದು ಸರ್ವವಿದಿತ. ಅಂಥ ನಾದಕ್ಕೆ ತಕ್ಕಂತೆ ಕೆನ್ನೆ, ಕೊರಳು, ಉಸಿರುಗಳನ್ನು ಹೊಂದಿಸುವುದು ಸಾಮಾನ್ಯ ಸಾಹಸವಲ್ಲ. ಅದಕ್ಕಿಂತ ಮಿಗಿಲಾಗಿ, ವಾದ್ಯವನ್ನು ಕೆಳಗಿಟ್ಟ ಮೇಲೂ ಆ ಮನುಷ್ಯನ ಕೈಕಟ್ಟಿನಲ್ಲಿ, ಉಳ್ಳವರ ಮುಂದೆ ನಿಲ್ಲುವ ರೀತಿಯಲ್ಲಿ ಅವನ ಕಾಯಕವು ಎದ್ದು ಕಾಣುತ್ತದೆ.

ಈ ಶಕ್ತಿಯು ಎಲ್ಲಿಂದ ಬಂದಿತು? ಗಾಜನೂರಿನಲ್ಲಿ 1929ರಲ್ಲಿ ಜನಿಸಿದ ಮುತ್ತುರಾಜನಿಗೆ ಶಾಲೆಯ ವಿದ್ಯಾಭ್ಯಾಸವು ಬಾಲ್ಯದಲ್ಲಿಯೇ ನಿಂತುಹೋಯಿತು. ತಂದೆ ಪುಟ್ಟಸ್ವಾಮಯ್ಯನವರು ಕಂಸ, ರಾವಣ, ಹಿರಣ್ಯಕಶಿಪುಗಳ ಪಾತ್ರಕ್ಕೆ ಹೆಸರಾದ ರಂಗನಟರು. ಅವರೊಡನೆ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ಸೇರಿದ ಬಾಲಕನಿಗೆ ರಂಗಮಂಚವೇ ಗುರುಕುಲವಾಯಿತು. ವೃತ್ತಿರಂಗಭೂಮಿಯಲ್ಲಿ ಪಳಗುವ ಹುಡುಗನು ಸಣ್ಣಪುಟ್ಟ ವೇಷಗಳಿಂದ ಮೊದಲುಗೊಂಡು ಮೇಲೇರಬೇಕು, ಧ್ವನಿವರ್ಧಕದ ನೆರವಿಲ್ಲದೆಯೂ ಕೊನೆಯ ಸಾಲಿನ ಪ್ರೇಕ್ಷಕನಿಗೆ ಅಲ್ಪಪ್ರಾಣ ಮಹಾಪ್ರಾಣಗಳು ಸ್ಪಷ್ಟವಾಗಿ ಕೇಳುವಂತೆ ನುಡಿಯಬೇಕು, ಹಾಡಬೇಕು. ಪದವಿಗಳನ್ನು ಪಡೆದವರ ನಾಲಗೆಯೂ ತೊದಲುವಂಥ ಕನ್ನಡವು ಆ ಕಂಠದಲ್ಲಿ ನಿರರ್ಗಳವಾಗಿ ಹರಿದುದು ಇಂಥ ಅಭ್ಯಾಸದ ಫಲ. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟನ್ನು ನೀಡಿದಾಗ ಸನ್ಮಾನಗೊಂಡುದು ಒಬ್ಬ ವ್ಯಕ್ತಿ ಮಾತ್ರವಲ್ಲ, ಆ ಶಿಕ್ಷಣಕ್ರಮವೂ ಹೌದು. ಅವರ ಅಭಿನಯದಲ್ಲಿ ನಾಟಕದ ಸೋಂಕು ಉಳಿದಿತ್ತೆಂದು ಆಕ್ಷೇಪಿಸುವವರಿದ್ದಾರೆ. ಆ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಪೌರಾಣಿಕ ಪಾತ್ರಗಳಿಗೆ ತೂಕವನ್ನು ತಂದುಕೊಟ್ಟುದೂ ಅದೇ ಸೋಂಕು ಎಂಬುದನ್ನು ಮರೆಯಲಾಗದು.

ಇನ್ನು ಅಭಿಮಾನಿಗಳು ಹೇಳಲು ಹಿಂಜರಿಯುವ ಮಾತೊಂದಿದೆ. ಚಿತ್ರಜೀವನದ ಮೊದಲ ಘಟ್ಟದಲ್ಲಿ ರಾಜಕುಮಾರರಿಗೆ ಒಳಿತು ಕೆಡಕುಗಳ ಎರಡು ಬಾಗಿಲುಗಳೂ ತೆರೆದಿದ್ದುವು. 1958ರ 'ಭೂಕೈಲಾಸ'ದಲ್ಲಿ ಅವರು ರಾವಣ. 1959ರ 'ಮಹಿಷಾಸುರ ಮರ್ದಿನಿ'ಯಲ್ಲಿ ಮಹಿಷಾಸುರ. ಅದೇ ವರ್ಷದ 'ಜಗಜ್ಯೋತಿ ಬಸವೇಶ್ವರ'ದಲ್ಲಿ ಬಿಜ್ಜಳ. ಬಸವಣ್ಣನವರ ಕಥೆಯಲ್ಲಿ ಬಿಜ್ಜಳನಾಗಿ ನಿಲ್ಲಲು ನಟನಿಗೆ ಧೈರ್ಯ ಬೇಕು. ಅವನನ್ನು ಸಹಿಸಲು ಪ್ರೇಕ್ಷಕನಿಗೆ ಔದಾರ್ಯವೂ ಬೇಕು. ಅಂದು ಎರಡೂ ಇದ್ದುವು. ಕಣ್ಣನ್ನೇ ಕಿತ್ತು ಶಿವನಿಗಿತ್ತ ಮುಗ್ಧ ಬೇಡನಾಗಿದ್ದವನು ನಾಲ್ಕೇ ವರ್ಷಗಳಲ್ಲಿ ಆತ್ಮಲಿಂಗವನ್ನು ಪಡೆದೂ ಕಳೆದುಕೊಳ್ಳುವ ರಾವಣನಾದುದನ್ನು ಜನ ಒಪ್ಪಿ ನೋಡಿದರು. ಒಂದೇ ಶಿವಭಕ್ತಿಯ ಎರಡು ತುದಿಗಳನ್ನು ಒಬ್ಬನೇ ನಟನಲ್ಲಿ ಕಂಡರು.

ಎಪ್ಪತ್ತರ ದಶಕದ ಹೊತ್ತಿಗೆ ಈ ಬಾಗಿಲುಗಳಲ್ಲೊಂದು ಮೆಲ್ಲಮೆಲ್ಲನೆ ಮುಚ್ಚಿತು. ಪ್ರೇಕ್ಷಕರು ಅವರಲ್ಲಿ ಆದರ್ಶ ಪುತ್ರನನ್ನು, ಅಣ್ಣನನ್ನು, ಕನ್ನಡದ ಕಾವಲುಗಾರನನ್ನು ಕಂಡರು. 1982ರ ಗೋಕಾಕ ಚಳವಳಿಯ ಮುಂದಾಳುತನವಂತೂ ಅವರನ್ನು ನಾಡಿನ ಪ್ರತೀಕವನ್ನಾಗಿಸಿತು. ಪ್ರತೀಕವಾದವನು ತೆರೆಯ ಮೇಲೂ ತಪ್ಪು ಮಾಡುವಂತಿಲ್ಲ, ಸೋಲುವಂತಿಲ್ಲ. ಅಭಿಮಾನಿಗಳನ್ನು ದೇವರೆಂದು ಕರೆದ ವಿನಯಶೀಲ ನಟನು ಆ ದೇವರುಗಳ ಇಚ್ಛೆಯನ್ನು ಮೀರುವುದಾದರೂ ಎಂತು? ಅಪವಾದಗಳಿಲ್ಲದಿಲ್ಲ. 1983ರ 'ಭಕ್ತ ಪ್ರಹ್ಲಾದ'ದಲ್ಲಿ ಅವರು ಹಿರಣ್ಯಕಶಿಪುವಾಗಿ ಗರ್ಜಿಸಿದರು. ತಂದೆಯು ರಂಗದ ಮೇಲೆ ಧರಿಸಿದ್ದ ಪಾತ್ರವನ್ನು ಮಗನು ತೆರೆಯ ಮೇಲೆ ಧರಿಸಿದನು. ಎದುರಿಗೆ ಪ್ರಹ್ಲಾದನಾಗಿ ನಿಂತವನು ಸ್ವಂತ ಮಗ ಲೋಹಿತ. ಆ ಅಸುರನ ಅಟ್ಟಹಾಸದಲ್ಲಿಯೂ ಮಗನ ಮೇಲಣ ಮಮತೆ ಇಣುಕುವುದನ್ನು ಕಂಡವರಿಗೆ, ಇಂಥ ಎಷ್ಟು ಪಾತ್ರಗಳಿಂದ ಕನ್ನಡ ಚಿತ್ರರಂಗವು ವಂಚಿತವಾಯಿತೋ ಎಂಬ ವ್ಯಥೆಯೂ ಮೂಡದಿರದು. ನಟನ ವೈವಿಧ್ಯವನ್ನು ಕೊಂಡಾಡುವ ಅಭಿಮಾನವೇ ಆ ವೈವಿಧ್ಯಕ್ಕೆ ಬೇಲಿಯನ್ನೂ ಹಾಕಿತೆಂಬುದು ಕಹಿಯಾದರೂ ನಿಜ.

ಈ ವಿಚಾರವು ಚಿತ್ರಮಂದಿರದ ಹೊರಗೂ ಸಲ್ಲುವಂಥದು. ವಿದ್ಯಾಲಯಗಳಲ್ಲಿಯೂ ಪ್ರೀತಿಯ ಹೆಸರಿನಲ್ಲಿ ಬೇಲಿ ಹಾಕುವುದುಂಟು. ಒಂದು ವರ್ಷ ಸ್ನೇಹಸಮ್ಮೇಳನದ ನಾಟಕದಲ್ಲಿ ವಿದೂಷಕನಾಗಿ ಮೆಚ್ಚುಗೆ ಗಳಿಸಿದ ಹುಡುಗನಿಗೆ ಮುಂದಿನ ಎಲ್ಲ ವರ್ಷಗಳಲ್ಲಿಯೂ ಅದೇ ವೇಷ. ಗಣಿತದಲ್ಲಿ ಜಾಣನೆನಿಸಿದವನಿಗೆ ಹಾಡುವ ಅವಕಾಶವಿಲ್ಲ. ಹಾಡುವವಳಿಗೆ ಪ್ರಯೋಗಶಾಲೆಯ ದಾರಿ ತೋರಿಸುವವರಿಲ್ಲ. ಉಪಾಧ್ಯಾಯರ ಮೆಚ್ಚುಗೆಯು ಮಗುವನ್ನು ಅರಳಿಸಬಲ್ಲದು. ಎಚ್ಚರ ತಪ್ಪಿದರೆ ಒಂದೇ ಭಂಗಿಯಲ್ಲಿ ನಿಲ್ಲಿಸಿಯೂ ಬಿಡಬಲ್ಲದು. ದಾನಿಗಳು ಕಟ್ಟಿಸಿಕೊಟ್ಟ ರಂಗಮಂಟಪವು ಬಹುಮಾನ ವಿತರಣೆಗೆ ಮಾತ್ರ ಬಳಕೆಯಾಗಿ ಉಳಿದ ದಿನಗಳಲ್ಲಿ ಬೀಗ ಹಾಕಿಕೊಂಡಿದ್ದರೆ ಆ ದಾನವೂ ಅರೆಫಲವೇ. ಶಾಲೆಯ ಮೆಟ್ಟಿಲನ್ನು ಬಹುಕಾಲ ಹತ್ತಲಾಗದ ಬಾಲಕನಿಗೆ ನಾಟಕ ಕಂಪನಿಯು ಕಲಿಸಿದ ಸ್ಪಷ್ಟವಾದ ನುಡಿ, ದೇಹದ ಶಿಸ್ತು ಮತ್ತು ಪರರ ನೋವನ್ನು ತನ್ನದಾಗಿಸಿಕೊಳ್ಳುವ ಗುಣಗಳನ್ನು ಶಾಲೆಯೇ ಕಲಿಸಲಾರದೆ ಹೋದರೆ ಅದಕ್ಕಿಂತ ಶೋಚನೀಯವಾದುದು ಬೇರೊಂದಿಲ್ಲ.

ಆದುದರಿಂದ ಮುಂದಿನ ಸಲ ಹಳೆಯ ಗೆಳೆಯರು ಪಂಕ್ತಿಯಲ್ಲಿ ಕುಳಿತು ಕಣ್ಣಪ್ಪನೋ, ರಾಜೀವನೋ, ಮಯೂರನೋ ಎಂದು ವಾದಿಸಲಿ. ಆ ಸವಿಯನ್ನು ಕಳೆದುಕೊಳ್ಳಬೇಕಾದುದಿಲ್ಲ. ಜೊತೆಗೆ ಬಿಜ್ಜಳನನ್ನೂ ಹಿರಣ್ಯಕಶಿಪುವನ್ನೂ ಆ ಪಂಕ್ತಿಗೆ ಕರೆಯಲಿ. ಮೆಚ್ಚಿದವನನ್ನು ತನಗೆ ಬೇಕಾದ ಒಂದೇ ರೂಪದಲ್ಲಿ ಕಾಣಬಯಸುವುದು ಮೋಹ. ಅವನು ಏನೇನು ಆಗಬಲ್ಲನೋ ಅದೆಲ್ಲ ಆಗಲೆಂದು ಹಾರೈಸುವುದು ನಿಜವಾದ ಅಭಿಮಾನ. ನಟನ ವಿಷಯದಲ್ಲಿ ಈ ಪಾಠವು ತಡವಾಗಿ ತಿಳಿಯಿತು. ತರಗತಿಯಲ್ಲಿ ಕುಳಿತಿರುವ ಮಕ್ಕಳ ವಿಷಯದಲ್ಲಾದರೂ ಅದು ಸಕಾಲದಲ್ಲಿ ತಿಳಿದರೆ ವಿದ್ಯಾಸಂಸ್ಥೆಗಳ ಶ್ರಮವೂ ದಾನಿಗಳ ಧನವೂ ಸಾರ್ಥಕ.