ಉಕ್ಕಿನ ಹರಳು ಮತ್ತು ವಿದ್ಯುತ್ತಿನ ಮಿಡಿತ

ಉಕ್ಕಿನ ತಗಡು ಕಣ್ಣಿಗೆ ಅಖಂಡವಾಗಿ ತೋರಿದರೂ ವಸ್ತುತಃ ಅದು ಅಸಂಖ್ಯ ಹರಳುಗಳ ಸಮೂಹ. ಆ ಹರಳುಗಳು ಯಾವ ದಿಕ್ಕಿಗೆ ಅಣಿಗೊಂಡಿವೆ ಎಂಬುದನ್ನು ತಗಡಿನ ಗುಣವು ಬಹುಮಟ್ಟಿಗೆ ಅವಲಂಬಿಸಿದೆ. ಕಬ್ಬಿಣದ ಹರಳಿನಲ್ಲಿ ಪರಮಾಣುಗಳ ಜೋಡಣೆಯು ಘನಾಕೃತಿಯದು. ಈ ಘನದ ಅಂಚಿನ ದಿಕ್ಕಿನಲ್ಲಿ ಕಬ್ಬಿಣವು ಸುಲಭವಾಗಿ ಕಾಂತತ್ವವನ್ನು ತಳೆಯುತ್ತದೆ. ಮೂಲೆಯಿಂದ ಎದುರು ಮೂಲೆಯ ದಿಕ್ಕಿನಲ್ಲಿ ಕಷ್ಟದಿಂದ ತಳೆಯುತ್ತದೆ. ಸಿಲಿಕಾನ್ ಬೆರೆತ ಉಕ್ಕನ್ನು ತಣ್ಣಗಿರುವಾಗಲೇ ಉರುಳೆಗಳ ನಡುವೆ ಒತ್ತಿ, ಮತ್ತೆ ಕಾಯಿಸಿ, ಹರಳುಗಳ ಅಂಚುಗಳು ತಗಡಿನ ಉದ್ದಕ್ಕೆ ಸಾಲುಗೂಡುವಂತೆ ಮಾಡುವ ವಿಧಾನಕ್ಕೆ ಅಮೆರಿಕದ ನಾರ್ಮನ್ ಗಾಸ್ ಅವರು 1934ರಲ್ಲಿ ಪೇಟೆಂಟ್ ಪಡೆದರು. ಇದು ಸಣ್ಣ ಮಾತಲ್ಲ. ಊರಿನ ದೀಪಗಳೆಲ್ಲ ಆರಿದ ಮೇಲೂ ಟ್ರಾನ್ಸ್‌ಫಾರ್ಮರಿನ ಉಕ್ಕಿನ ತಿರುಳಿನಲ್ಲಿ ಶಕ್ತಿಯು ವ್ಯಯವಾಗುತ್ತಲೇ ಇರುತ್ತದೆ. ಹರಳುಗಳ ಸಾಲು ನೆಟ್ಟಗಾದಷ್ಟೂ ಆ ನಷ್ಟ ಕಡಿಮೆ.

ಈ ಸಾಲುಗೂಡಿಕೆಗೆ ಕುಲುಮೆಯ ದೀರ್ಘ ತಾಪವು ಬೇಕು. ಅದಕ್ಕೆ ಬದಲಾಗಿ, ಒತ್ತಿದ ತಗಡಿನೊಳಗೇ ಪ್ರಬಲ ವಿದ್ಯುತ್ ಪ್ರವಾಹವನ್ನು ಮಿಡಿತ ಮಿಡಿತವಾಗಿ ಹಾಯಿಸುವ ಪ್ರಯೋಗಗಳು ನಡೆದಿವೆ. ಒಂದೊಂದು ಮಿಡಿತವೂ ಸೆಕೆಂಡಿನ ಸಾವಿರದಲ್ಲೊಂದು ಪಾಲಿಗಿಂತ ಅಲ್ಪವಾಗಿರಬಹುದು. ಹೀಗೆ ಮಾಡಿದಾಗ ಹೊಸ ಹರಳುಗಳು ಬೇಗನೆ ಹುಟ್ಟುವುದೂ ಅವುಗಳ ದಿಕ್ಕು ಬದಲಾಗುವುದೂ ಕಂಡುಬಂದಿವೆ. ಇದಕ್ಕೆ ಕಾರಣವೇನು? ಧಾವಿಸುವ ಎಲೆಕ್ಟ್ರಾನುಗಳು ಗಾಳಿಯಂತೆ ಬೀಸಿ ಹರಳಿನೊಳಗಿನ ದೋಷಗಳನ್ನು ತಳ್ಳುತ್ತವೆ ಎಂದು ಕೆಲವರು ಹೇಳುತ್ತಾರೆ. ಪ್ರವಾಹದಿಂದ ಹುಟ್ಟುವ ಶಾಖವಲ್ಲದೆ ಬೇರೇನೂ ಅಲ್ಲಿಲ್ಲವೆಂದು ಮತ್ತೆ ಕೆಲವರ ವಾದ.

ನಮ್ಮ ಅಭಿಪ್ರಾಯದಲ್ಲಿ, ಎಲೆಕ್ಟ್ರಾನುಗಳ ಪರವಾಗಿ ವಾದಿಸುವವರು ಮೊದಲು ಒಂದು ಪರೀಕ್ಷೆಗೆ ಒಳಗಾಗಬೇಕು. ಅದೇ ತಗಡಿನ ಮತ್ತೊಂದು ತುಂಡನ್ನು ಪ್ರವಾಹವಿಲ್ಲದೆ, ಅಷ್ಟೇ ವೇಗದಲ್ಲಿ, ಅಷ್ಟೇ ತಾಪಕ್ಕೆ ಕಾಯಿಸಿ ಎರಡನ್ನೂ ಹೋಲಿಸಬೇಕು. ಕುಲುಮೆಯಲ್ಲಿ ನಿಧಾನವಾಗಿ ಬೆಂದ ತುಂಡಿನೊಡನೆ ಮಾಡುವ ಹೋಲಿಕೆ ಸಾಲದು. ಏಕೆಂದರೆ ಕಾಯಿಸುವ ವೇಗವೊಂದೇ ಬದಲಾದರೂ ಯಾವ ಹರಳುಗಳು ಮೊದಲು ತಲೆಯೆತ್ತುತ್ತವೆ ಎಂಬುದು ಬದಲಾಗಬಲ್ಲದು. ತಾಪವನ್ನು ಅಳೆಯುವಾಗ ಸರಾಸರಿಯನ್ನು ನೆಚ್ಚಲಾಗದು; ಬಿರುಕು, ಕಲ್ಮಷಗಳ ಬಳಿ ಪ್ರವಾಹವು ಒತ್ತೊತ್ತಾಗಿ ಹರಿದು ಆ ಎಡೆಯಷ್ಟೇ ಹೆಚ್ಚು ಕಾಯುವುದುಂಟು.

ಒಂದು ವೇಳೆ ಶಾಖವೇ ಕಾರಣವೆಂದು ತೀರ್ಮಾನವಾದರೂ ಈ ವಿಧಾನದ ಬೆಲೆ ಕುಂದದು. ಕುಲುಮೆಯ ಗೋಡೆಯನ್ನೆಲ್ಲ ಕಾಯಿಸದೆ, ಬೇಕಾದ ತಗಡನ್ನು ಮಾತ್ರ ಕ್ಷಣಾರ್ಧದಲ್ಲಿ ಕಾಯಿಸುವುದೇ ದೊಡ್ಡ ಲಾಭ. ಆದರೆ ಕಾರಣವನ್ನು ತಪ್ಪಾಗಿ ತಿಳಿದವನು ಪ್ರಯೋಗಶಾಲೆಯ ತುಣುಕಿನಲ್ಲಿ ಪಡೆದ ಫಲವನ್ನು ಕಾರ್ಖಾನೆಯ ಅಗಲವಾದ ತಗಡಿನಲ್ಲಿ ಮತ್ತೆ ಪಡೆಯಲಾರನು. ಉಪಯೋಗಕ್ಕೆ ಅವಸರವಿರಬಹುದು, ಕಾರಣವನ್ನು ಸಾರುವುದಕ್ಕೆ ಅವಸರ ಸಲ್ಲದು.