ಬಂದೂಕು ಹಿಡಿದ ಸೂತ್ರದ ಗೊಂಬೆ

ಉಪಮೇಯ, ಉಪಮಾನ, ಸಮಾನಧರ್ಮ, ಉಪಮಾವಾಚಕ ಎಂದು ನಾಲ್ಕನ್ನೂ ಗುರುತಿಸಿ ಸಮನ್ವಯ ಬರೆದರೆ ಅಂಕಗಳು ಖಚಿತ. ಆದರೆ ಆ ಹೋಲಿಕೆ ಅಲ್ಲಿ ಮಾಡುವ ಕೆಲಸವೇನು? ಪರೀಕ್ಷೆಯಲ್ಲಿ ಈ ಪ್ರಶ್ನೆ ಅಪರೂಪ. ಜಾರ್ಜ್ ಆರ್ವೆಲ್ 1936ರಲ್ಲಿ ಪ್ರಕಟಿಸಿದ ‘ಶೂಟಿಂಗ್ ಆ್ಯನ್ ಎಲಿಫೆಂಟ್’ ಪ್ರಬಂಧದಲ್ಲಿ ಇದಕ್ಕೆ ಉತ್ತರವಿದೆ.

ಆರ್ವೆಲ್ ಹುಟ್ಟಿದ್ದು 1903ರಲ್ಲಿ, ಬಿಹಾರದ ಮೋತಿಹಾರಿಯಲ್ಲಿ. 1922ರಿಂದ 1927ರವರೆಗೆ ಬ್ರಿಟಿಷ್ ಆಳ್ವಿಕೆಯ ಬರ್ಮಾದಲ್ಲಿ ಪೊಲೀಸ್ ಅಧಿಕಾರಿಯಾಗಿದ್ದರು. ಪ್ರಬಂಧದ ನಿರೂಪಕನೂ ಅಲ್ಲಿನ ಮೌಲ್ಮೇನ್ ಪಟ್ಟಣದ ಪೊಲೀಸ್ ಅಧಿಕಾರಿಯೇ. ಮದವೇರಿದ ಸಾಕಾನೆಯೊಂದು ಸರಪಳಿ ಹರಿದುಕೊಂಡು, ದಕ್ಷಿಣ ಭಾರತದಿಂದ ಹೋಗಿದ್ದ ಕೂಲಿಯೊಬ್ಬನನ್ನು ತುಳಿದು ಕೊಲ್ಲುತ್ತದೆ. ಅಧಿಕಾರಿ ಬಂದೂಕು ಹಿಡಿದು ಬರುವ ಹೊತ್ತಿಗೆ ಅದು ಶಾಂತವಾಗಿ ಹುಲ್ಲು ಮೇಯುತ್ತಿದೆ. ಕೊಲ್ಲಲು ಅವನಿಗೆ ಮನಸ್ಸಿಲ್ಲ. ಆದರೆ ಬೆನ್ನ ಹಿಂದೆ ಎರಡು ಸಾವಿರಕ್ಕೂ ಹೆಚ್ಚು ಜನ! ಸುಮ್ಮನೆ ಹಿಂತಿರುಗಿದರೆ ನಕ್ಕಾರು ಎಂಬ ಅಂಜಿಕೆಗೆ ಗುಂಡು ಹಾರಿಸಿಬಿಡುತ್ತಾನೆ.

ಇಲ್ಲಿ ಬರುವ ಹೋಲಿಕೆಗಳನ್ನು ಗಮನಿಸಬೇಕು. ಬರಿಗೈಯ ಜನರ ಮುಂದೆ ಬಂದೂಕುಧಾರಿ ನಾಯಕನಂತೆ ಕಾಣಬೇಕಿತ್ತು. ಆರ್ವೆಲ್ ಅವನನ್ನು ಜಾದೂಗಾರನಿಗೆ, ಜನ ಆಡಿಸಿದಂತೆ ಆಡುವ ಗೊಂಬೆಗೆ ಹೋಲಿಸುತ್ತಾರೆ. ಮುಂದೆ ಮುಖವಾಡದ ರೂಪಕ ಬರುತ್ತದೆ. ದರ್ಪದ ಮುಖವಾಡ ತೊಟ್ಟವನ ಮುಖವೇ ಕ್ರಮೇಣ ಅದರ ಆಕಾರ ತಳೆಯುತ್ತದೆ. ಪರರ ಸ್ವಾತಂತ್ರ್ಯ ಕಸಿದವನು ತನ್ನದನ್ನೂ ಕಳೆದುಕೊಳ್ಳುತ್ತಾನೆ ಎಂಬುದನ್ನು ಪುಟಗಟ್ಟಲೆ ವಾದಿಸದೆ ಈ ಹೋಲಿಕೆಗಳೇ ಕಾಣಿಸುತ್ತವೆ. ನಿಧಾನವಾಗಿ, ನರಳುತ್ತಾ ಸಾಯುವ ಆ ಆನೆಯನ್ನು ಸಾಮ್ರಾಜ್ಯದ ಪ್ರತೀಕವೆಂದು ಓದುವವರಿದ್ದಾರೆ. ಆಳಿಸಿಕೊಂಡ ನಾಡಿನ ಪ್ರತೀಕವೆಂದು ಓದುವವರೂ ಇದ್ದಾರೆ. ಪ್ರಬಂಧ ಎರಡಕ್ಕೂ ಎಡೆಕೊಡುತ್ತದೆ.

ಇನ್ನೊಂದು ಮಾತನ್ನು ಮರೆಯುವಂತಿಲ್ಲ. ಕೂಲಿಗಿಂತ ಆನೆಯ ಬೆಲೆಯೇ ಹೆಚ್ಚೆಂದು ಕೆಲವು ಯುರೋಪಿಯನ್ನರು ಆಡಿಕೊಳ್ಳುತ್ತಾರೆ. ಕೂಲಿ ಸತ್ತದ್ದರಿಂದ ಕಾನೂನು ತನ್ನ ಪರವಾಯಿತೆಂದು ನಿರೂಪಕನಿಗೆ ಸಮಾಧಾನ. ಈ ನಿಷ್ಠುರ ಸತ್ಯವನ್ನು ಬಚ್ಚಿಡದಿರುವುದು ಆರ್ವೆಲ್ ಅವರ ದೊಡ್ಡತನ. ಆದರೂ ಆಳುವವನ ಇಕ್ಕಟ್ಟಿಗೆ ಅಷ್ಟೊಂದು ರೂಪಕಗಳು ಒದಗಿದ ಬರಹದಲ್ಲಿ ಸತ್ತ ಕೂಲಿಗೆ ಒಂದು ಹೆಸರೂ ಇಲ್ಲ.

ಮಕ್ಕಳು ಪಾಠ ಓದುವಾಗ ‘ಇದು ಯಾವ ಅಲಂಕಾರ?’ ಎಂದು ಕೇಳುವ ಹೆತ್ತವರು ಇನ್ನೊಂದು ಪ್ರಶ್ನೆಯನ್ನೂ ಸೇರಿಸಬಹುದು: ‘ಈ ಹೋಲಿಕೆ ಯಾರನ್ನು ತೋರಿಸುತ್ತದೆ, ಯಾರನ್ನು ಮರೆಸುತ್ತದೆ?’