ಹಡಗಿನ ಯಾತ್ರೆಯೂ ವಿಮಾಪತ್ರವೂ
ಹುಣಸೂರು, ಪಿರಿಯಾಪಟ್ಟಣಗಳಲ್ಲಿ ನಾನು ಬಲ್ಲ ನಿವೃತ್ತ ಉಪಾಧ್ಯಾಯರೂ ಈಗ ವಿಹಾರನೌಕೆಯ ಮಾತನಾಡುತ್ತಾರೆ, ಸಂತೋಷ. ಆದರೆ ಹಡಗಿನ ಕೋಣೆಯನ್ನು ಆರಿಸುವಷ್ಟು ಆಸ್ಥೆಯಿಂದ ವಿಮಾಪತ್ರವನ್ನು ಓದುವವರು ವಿರಳ. ರೋಗಕ್ಕೆ ಕಡಲು ತಡೆಯಲ್ಲ: 2020ರ ಫೆಬ್ರವರಿಯಲ್ಲಿ ಯೊಕೊಹಾಮದಲ್ಲಿ ತಡೆಹಿಡಿಯಲ್ಪಟ್ಟ ‘ಡೈಮಂಡ್ ಪ್ರಿನ್ಸೆಸ್’ ಹಡಗಿನ 3,711 ಮಂದಿಯಲ್ಲಿ 700ಕ್ಕೂ ಮಿಕ್ಕು ಜನ ಕೋವಿಡ್ ಸೋಂಕಿಗೆ ತುತ್ತಾದರು. ಹುಣಸೂರಿನಲ್ಲಿ ಎದೆನೋವು ಬಂದರೆ ಮೈಸೂರು ಗಂಟೆಯ ದಾರಿ. ನಡುಗಡಲಿನಿಂದ ರೋಗಿಯನ್ನು ದಡ ಸೇರಿಸುವ ವೆಚ್ಚವೇ ಲಕ್ಷಗಟ್ಟಲೆಯಾಗಬಹುದು. ಇಲ್ಲಿಯ ಸಾಮಾನ್ಯ ಆರೋಗ್ಯವಿಮೆ ಹೊರದೇಶದಲ್ಲಿ ಬಹುಮಟ್ಟಿಗೆ ಸಲ್ಲದು. ಪ್ರವಾಸವಿಮೆ ಬೇರೆಯೇ ಬೇಕು. ಅದರಲ್ಲಿಯೂ ಸಕ್ಕರೆ ಕಾಯಿಲೆಯನ್ನು ಹೇಳಿಕೊಳ್ಳಲು ನಾಚುವವರುಂಟು. ಆ ಮೌನವೇ ಮುಂದೆ ಪರಿಹಾರದ ನಿರಾಕರಣೆಗೆ ಕಾರಣವಾಗಬಹುದು. ಇದ್ದ ರೋಗವನ್ನು ಇದ್ದಂತೆ ಬರೆಸಿ, ಪತ್ರದ ಇಂಗ್ಲಿಷನ್ನು ಕನ್ನಡದಲ್ಲಿ ತಿಳಿದುಕೊಂಡು ರುಜು ಹಾಕುವುದೇ ಯಾತ್ರೆಯ ಮೊದಲ ಸಿದ್ಧತೆಯೆಂದು ನನ್ನ ಅಭಿಪ್ರಾಯ.